ಸುರಿಯದೆ ಉಳಿಸಿಕೊಂಡ ಎಣ್ಣೆ

ದೀಪ ಸ್ವಲ್ಪ ಸಣ್ಣಗೆ ಮಾಡಿ, ಮಾತೂ ಮೆಲ್ಲಗಿರಲಿ. ಕೌರೆಯ ಮನೆ ಇಲ್ಲಿಂದ ದೂರವಿಲ್ಲ, ಅವನ ಕಿವಿಗೆ ಬಿದ್ದರೆ ನೊಂದುಕೊಳ್ಳುತ್ತಾನೆ. ಅವನು ನನ್ನ ಚಿಕ್ಕಮ್ಮನ ಮಗ. ಇದು ಅವನಿಗೇ ಆದದ್ದು. ಯಾರೋ ಯಾರಿಗೋ ಹೇಳಿ, ಅವರು ಬಂದು ನನಗೆ ಹೇಳಿದ್ದಲ್ಲ.

ಆ ರಾತ್ರಿ ಕೌರೆ ಆಸ್ಪತ್ರೆಗೆ ಬೀಗ ಹಾಕಿ ಹೊರಟಾಗ ಊರೆಲ್ಲ ಮಲಗಿತ್ತು. ಆಸ್ಪತ್ರೆ ಅಂದರೆ ಎರಡು ಕೋಣೆ, ತಗಡಿನ ಚಾವಣಿ, ಅದರ ಮೇಲೊಂದು ಬಿಳಿ ಡಿಶ್ಶು. ಮನೆಯ ದಾರಿ ಹಳೇ ಬಾವಿಯ ಪಕ್ಕದಲ್ಲೇ ಹೋಗುತ್ತದೆ. ಗಾಳಿ ಇರಲಿಲ್ಲ. ಕಾಲ ಕೆಳಗೆ ಹವಳದ ಜಲ್ಲಿ ಚರಕ್... ಚರಕ್... ಎನ್ನುತ್ತಿತ್ತು. ಬಾವಿಯ ಹತ್ತಿರ ಬಂದಾಗ ಮೂಗಿಗೆ ವಾಸನೆ ಬಡಿಯಿತು. ಕೊಬ್ಬರಿ ಎಣ್ಣೆ... ಕೇದಗೆ ಹೂವು ಹಾಕಿ ಬಿಸಿಲಿಗಿಟ್ಟ ಎಣ್ಣೆ.

ಕೌರೆ ನಿಂತ. ಜಲ್ಲಿಯ ಸದ್ದೂ ನಿಂತಿತು. ಆಗ ಬೆನ್ನ ಹಿಂದಿನಿಂದ ಕೇಳಿಸಿತು.

ಚುಯ್ಕ್... ಚುಯ್ಕ್... ಚುಯ್ಕ್...

ಬೇರೆ ಯಾರೇ ಆಗಿದ್ದರೂ ಇಲಿ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಿದ್ದರು. ಕೌರೆಗೆ ಹಾಗೆ ಹೋಗಲಾಗಲಿಲ್ಲ. ಅದು ವರ್ಷಗಟ್ಟಲೆ ಅವನ ಕೈಯಿಂದಲೇ ಬಂದ ಸದ್ದು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಕಂಪ್ಯೂಟರ್ ಕೇಬಲ್ಲಿನ ಪಿನ್ನು ಉಜ್ಜುವ ಸದ್ದು. ಬರುತ್ತಿದ್ದದ್ದು ಅವನು ಈಗಷ್ಟೇ ಬೀಗ ಹಾಕಿದ ಕೋಣೆಯಿಂದ.

ಕೌರೆಯ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮದು ಪೆಸಿಫಿಕ್ ಸಮುದ್ರದ ನಡುವಿನ ಕಿರಿಬಾಸಿನ ಹೊರದ್ವೀಪ. ಡಾಕ್ಟರು ಇರುವುದು ರಾಜಧಾನಿ ತರಾವಾದಲ್ಲಿ, ನಮ್ಮಲ್ಲಿರುವುದು ಒಬ್ಬಳು ನರ್ಸು. ಇಬ್ಬರ ನಡುವೆ ಇರುವುದು ಆ ಕೋಣೆಯ ಕಂಪ್ಯೂಟರು. ಡಾಕ್ಟರು ಅದರಲ್ಲಿ ಮಾತಾಡುತ್ತಾರೆ, ನರ್ಸು ಕೇಳಿ ಕೆಲಸ ಮಾಡುತ್ತಾಳೆ. ಆದರೆ ಇಲ್ಲಿಯ ಉಪ್ಪುಗಾಳಿ ಗೊತ್ತಲ್ಲ, ಸೈಕಲ್ಲು ತಿನ್ನುತ್ತದೆ, ಬಾಗಿಲ ಕೀಲು ತಿನ್ನುತ್ತದೆ, ಕಂಪ್ಯೂಟರನ್ನು ಬಿಡುತ್ತದೆಯೇ? ಎರಡು ದಿನ ಕಡೆಗಣಿಸಿದರೆ ಸಾಕು, ಕೇಬಲ್ಲಿನ ಮೂತಿಯಲ್ಲಿ, ಸಾಕೆಟ್ಟಿನ ಒಳಗೆ, ಮೆಮೊರಿ ಕಾರ್ಡಿನ ಹಳದಿ ಹಲ್ಲುಗಳ ಮೇಲೆ ಹಸಿರು ಕಿಲುಬು. ಕಿಲುಬು ಹತ್ತಿತೋ, ಲೈನು ಹೋಯಿತು. ಅದಕ್ಕೇ ಕೌರೆ ದಿನಾ ಸಂಜೆ ಎಲ್ಲವನ್ನೂ ಬಿಚ್ಚಿ, ರಬ್ಬರಿನಿಂದ ಉಜ್ಜಿ, ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕಿ, ಒಣಗಿಸಿ, ಮತ್ತೆ ಜೋಡಿಸುತ್ತಿದ್ದ. ರಬ್ಬರು ನನ್ನ ಅಂಗಡಿಯದೇ. "ಇಡೀ ಶಾಲೆ ಸೇರಿದ್ರೂ ಇಷ್ಟು ಸವೆಸಲ್ಲ ಕಣೋ, ಯಾವ ಪರೀಕ್ಷೆ ಬರೀತಿದ್ದೀಯ?" ಅಂತ ರೇಗಿಸುತ್ತಿದ್ದೆ.

ಆ ತಿಂಗಳು ಮಾತ್ರ ಅವನಿಗೆ ತಮಾಷೆ ರುಚಿಸುತ್ತಿರಲಿಲ್ಲ. ಹೆಂಡತಿ ರಿತೇತಿ ತುಂಬು ಬಸುರಿ. ಮೊದಲ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ, ರಕ್ತ ಹೋಗಿ ಹೋಗಿ ಅವಳೂ ಅರ್ಧ ಜೀವವಾಗಿದ್ದಳು. ಮೊದಲೇ ತರಾವಾಕ್ಕೆ ಕಳಿಸೋಣ ಅಂದರೆ ಹಡಗು ಎಂಜಿನ್ ಕೆಟ್ಟು ಎಲ್ಲೋ ಕೂತಿತ್ತು. ನರ್ಸ್ ಬೆರೆತಿಯಾ ಹೊಸಬಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವ ಹುಡುಗಿಯಲ್ಲ.

"ಕೌರೆ ಅಣ್ಣಾ, ಡಾಕ್ಟರು ಲೈನಲ್ಲಿ ನಿಂತು ಹಿಂಗೆ ಮಾಡು, ಹಂಗೆ ಮಾಡು ಅಂತಿದ್ರೆ ನಾನು ಮಾಡ್ತೀನಿ," ಅಂದಿದ್ದಳು. "ಒಬ್ಳೇ ಆದ್ರೆ... ನಂಗೆ ಕೈ ಓಡಲ್ಲ."

ಅಂದರೆ ರಿತೇತಿಯ ಜೀವ ಆ ಪಿನ್ನುಗಳ ಮೇಲೆ ನಿಂತಿತ್ತು. ಕೌರೆಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ರಿತೇತಿಯನ್ನು ಸಾಕಿದವಳು ಅವಳ ಅಜ್ಜಿ ಕತರೀನಾ. ಚರ್ಚಿನ ಹಿತ್ತಾಳೆ ಗಂಟೆಯನ್ನು ವಾರವಾರ ಹವಳದ ಪುಡಿ ಹಾಕಿ ಉಜ್ಜುತ್ತಿದ್ದವಳು. ಕಿಲುಬು ಕಂಡರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಎದೆನೋವಿನ ಗುಳಿಗೆಗೆ ಆಸ್ಪತ್ರೆಗೆ ಬಂದರೆ ಒಂದು ಕಾಲು ಎಳೆದು ಹಾಕುತ್ತಾ ನೆಟ್ಟಗೆ ಕೌರೆಯ ಕೋಣೆಗೆ ನುಗ್ಗುವಳು.

"ಇದೇನೋ ಹಸಿರು? ನಿನ್ನ ಪೆಟ್ಟಿಗೆ ಬಾಯಿ ತೊಳೆದು ಎಷ್ಟು ದಿನ ಆಯ್ತು?"

"ಅಜ್ಜಿ, ಮುಟ್ಟಬೇಡ, ಕರೆಂಟು ಹೊಡೆಯುತ್ತೆ."

"ನನ್ನಂಥಾ ಒಣಮೀನಿಗೆ ಎಂಥಾ ಕರೆಂಟೋ! ಇಲ್ಲಿ ಕೊಡು ಆ ರಬ್ಬರು, ನಿಂಗೆ ಉಜ್ಜೋಕೆ ಬರಲ್ಲ." ಆಮೇಲೆ ದನಿ ತಗ್ಗಿಸಿ, "ಆ ಮಗು ನನ್ನ ಕೈಗೆ ಬರೋ ತನಕ ನಾನು ಎಲ್ಲೂ ಹೋಗಲ್ಲ, ತಿಳ್ಕೋ," ಅನ್ನುವಳು.

ಹೀಗೆ ಅಂದವಳು ಮಗು ಬರುವ ಮೊದಲೇ ಒಂದು ಬೆಳಗಿನ ಜಾವ ಹೋಗಿಬಿಟ್ಟಳು.

ಅವಳ ಮನೆತನದಲ್ಲಿ ಒಂದು ಪದ್ಧತಿ ಇದೆ. ಸತ್ತವರ ಮೈಗೆ ಕೇದಗೆ ಎಣ್ಣೆ ಹಚ್ಚುತ್ತಾರೆ. ಉಳಿದ ಎಣ್ಣೆಯನ್ನು ಮನೆಯ ಗಂಡಸೊಬ್ಬ ಅದೇ ರಾತ್ರಿ ಗೋರಿಯ ಪಕ್ಕದ ಕೇದಗೆ ಬುಡಕ್ಕೆ ಸುರಿಯಬೇಕು. ಒಂದು ತೊಟ್ಟೂ ಉಳಿಸಬಾರದು. ಹೋಗುವವರು ಎಲ್ಲೂ ತಡೆಯದೆ ಸಲೀಸಾಗಿ ಜಾರಿ ಹೋಗಲಿ ಅಂತ ಅದು. ಬಾಟ್ಲಿಯನ್ನು ಕೌರೆಯ ಕೈಗೆ ಕೊಟ್ಟದ್ದು ಅಜ್ಜಿಯ ತಮ್ಮ, ಬನುವೇರ ತಾತ.

ಆಸ್ಪತ್ರೆಯಲ್ಲಿ ಸ್ಪಿರಿಟ್ಟು ಮುಗಿದಿತ್ತು. ಹಡಗಿನ ಸುದ್ದಿ ಇಲ್ಲ. ಬರೀ ರಬ್ಬರಿಗೆ ಕಿಲುಬು ಬಗ್ಗುತ್ತಿರಲಿಲ್ಲ, ಸಂಜೆ ಉಜ್ಜಿದ್ದು ಬೆಳಿಗ್ಗೆ ಹಸಿರು. ಕೌರೆ ಕೇದಗೆ ಬುಡದಲ್ಲಿ ಬಾಟ್ಲಿ ಹಿಡಿದು ನಿಂತ. ತರಾವಾದಲ್ಲಿ ತರಬೇತಿ ಕೊಟ್ಟವರು ಪಿನ್ನಿಗೆ ಎಣ್ಣೆ ಮಾತ್ರ ಮುಟ್ಟಿಸಬೇಡ ಅಂದಿದ್ದರು. ಆದರೆ ನಾವು ಎಣ್ಣೆ ಹಚ್ಚದ ವಸ್ತು ಯಾವುದಿದೆ ಹೇಳಿ. ಕೂದಲಿಗೆ, ಕೂಸಿಗೆ, ಮೀನಿನ ಚಾಕುವಿಗೆ, ಹೊಲಿಗೆ ಮೆಷಿನ್ನಿಗೆ ಎಲ್ಲಕ್ಕೂ ಅದೇ. ಚಾಕುವಿಗೆ ತುಕ್ಕು ಬರದಂತೆ ತಡೆಯುವುದು ಪಿನ್ನಿಗೆ ತಡೆಯದೇ? ಅವನು ಅರ್ಧ ಸುರಿದ. ಇನ್ನರ್ಧವನ್ನು ಔಷಧಿ ಶೀಶೆಗೆ ಬಗ್ಗಿಸಿ ಜೇಬಿಗಿಟ್ಟುಕೊಂಡ.

ಆಸ್ಪತ್ರೆಗೆ ಬಂದು ಬಟ್ಟೆಯ ಚೂರಿಗೆ ತೊಟ್ಟು ಎಣ್ಣೆ ತಾಗಿಸಿ, ಪ್ರತಿ ಪಿನ್ನಿಗೂ ತೆಳ್ಳಗೆ ಸವರಿದ. ಲೈನು ಬಂತು. ಹೇಗೆ ಬಂತು ಅಂತೀರಿ! ಡಾಕ್ಟರು ಪಕ್ಕದ ಕೋಣೆಯಲ್ಲಿ ಕೂತು ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ಮರುದಿನ ಹಸಿರು ಇಲ್ಲ. ಅದರ ಮರುದಿನವೂ ಇಲ್ಲ. ಕೌರೆ ಉಜ್ಜುವುದನ್ನೇ ಬಿಟ್ಟ. ಹಾಗಿರುವಾಗ, ಹೇಳಿದೆನಲ್ಲ, ಆ ರಾತ್ರಿ ಬಾವಿಯ ಹತ್ತಿರ ಅದು ಕೇಳಿಸಿತು.

ಹೆದರಿಕೊಂಡೇ ಹಿಂದಕ್ಕೆ ಹೋದ. ಬೀಗಕ್ಕೆ ಕೀಲಿಕೈ ತಾಗಿದ್ದೇ ತಡ, ಸದ್ದು ನಿಂತಿತು. ಒಳಗೆ ಕತ್ತಲೆ... ಕಂಪ್ಯೂಟರಿನ ಸಣ್ಣ ಹಸಿರು ದೀಪ ಮಾತ್ರ ಮಿಣುಕುತ್ತಿತ್ತು. ಕೋಣೆ ತುಂಬ ಕೇದಗೆ ವಾಸನೆ. ಡ್ರಾಯರಿನಲ್ಲಿ ಇಟ್ಟಿದ್ದ ರಬ್ಬರು ಮೇಜಿನ ಮೇಲಿತ್ತು. ಮುಟ್ಟಿ ನೋಡಿದ.

ಬೆಚ್ಚಗಿತ್ತು.

ಮನೆಗೆ ಬಂದು ರಿತೇತಿಯ ಪಕ್ಕ ಚಾಪೆಯ ಮೇಲೆ ಉರುಳಿಕೊಂಡ. ಅವಳು ಎಚ್ಚರವಾಗಿಯೇ ಇದ್ದಳು. ಅವನ ಅಂಗಿಯ ವಾಸನೆ ಹಿಡಿದು ಪಿಸುಗುಟ್ಟಿದಳು.

"ಅಜ್ಜಿ ವಾಸನೆ."

ಕೌರೆ ಎಲ್ಲವನ್ನೂ ಹೇಳಿದ. ಎಣ್ಣೆ ಉಳಿಸಿಕೊಂಡದ್ದನ್ನೂ ಹೇಳಿದ. ಅವಳು ಬೈಯಲಿಲ್ಲ.

"ಇರ್ಲಿ ಬಿಡು. ಅವಳಲ್ವಾ... ಇನ್ಯಾರೋ ಅಲ್ವಲ್ಲ."

"ಸತ್ತವಳು ಕಣೇ."

"ಸತ್ರೆ ಬೇರೆಯವಳಾಗ್ತಾಳಾ? ಹೆರಿಗೆ ಆಗೋವರೆಗೂ ಇರ್ತೀನಿ ಅಂದಿದ್ಲು. ಇದ್ದಾಳೆ."

ಆ ಮಾತಿಗೆ ಅವನು ಕಿವಿಗೊಟ್ಟಿದ್ದರೆ ಆಗಿತ್ತು. ಅವನಿಗೆ ಧೈರ್ಯ ಸಾಲಲಿಲ್ಲ. ಬೆಳಿಗ್ಗೆಯೇ ಬನುವೇರ ತಾತನ ಹತ್ತಿರ ಓಡಿದ.

ತಾತ ತೆಂಗಿನ ಕಳ್ಳು ಇಳಿಸಿ ಬಂದು ಮರದ ಬುಡದಲ್ಲಿ ಕೂತಿದ್ದ. ಕೇಳಿ ಮುಗಿಸುವಷ್ಟರಲ್ಲಿ ಮುಖ ಸಣ್ಣದಾಯಿತು.

"ಎಂಥಾ ಕೆಲಸ ಮಾಡಿದ್ಯೋ ಮಂಗ! ಅವಳ ದಾರಿ ಅರ್ಧಕ್ಕೆ ಕಿತ್ತು ಆ ಡಬ್ಬಿಗೆ ಬಳಿದ್ಯಾ?"

"ಲೈನು ಬೇಕಿತ್ತು ತಾತಾ."

"ಲೈನಂತೆ ಲೈನು! ಹೋಗದೆ ನಿಂತವರು ಒಂಟಿಯಾಗಿ ಹೋಗಲ್ಲ ಕಣೋ, ಯಾರನ್ನಾದ್ರೂ ಕರ್ಕೊಂಡೇ ಹೋಗೋದು. ಮನೇಲಿ ಬಸುರಿ ಇದ್ದಾಳೆ. ಮಗು ಅಂದ್ರೆ ನಮ್ಮಕ್ಕಂಗೆ ಎಷ್ಟಾಸೆ ಇತ್ತು ಅಂತ ನಿಂಗೊತ್ತು." ಹೇಳುತ್ತಾ ಮುದುಕನ ಕಣ್ಣಲ್ಲಿ ನೀರು ಬಂತು. "ನಮ್ಮಕ್ಕನ್ನ ನಾನೇ ಅಟ್ಟಬೇಕಾಯ್ತಲ್ಲೋ."

ಹೊರಡದೆ ನಿಂತವರನ್ನು ಹೊರಡಿಸಲು ಹಿಂದಿನವರ ದಾರಿ ಒಂದೇ. ತೆಂಗಿನ ಹೆಡೆಮಟ್ಟೆ ಹಿಡಿದು ನೆಲ ಬಡಿಯುತ್ತಾ, ಮರ ಬಡಿಯುತ್ತಾ, ಪಡುವಣ ದಂಡೆಯವರೆಗೆ ನಡೆಯುವುದು. ಮೂರು ರಾತ್ರಿ. ಪಾದ್ರಿಗಳಿಗೆ ನಾವು ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ನಾನೂ ಹೋಗಿದ್ದೆ, ಒಂದು ಮಟ್ಟೆ ನನ್ನ ಕೈಯಲ್ಲಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಇದು ಕಟ್ಟುಕತೆಯಲ್ಲ.

ಧಬ್... ಧಬ್... ಧಬ್... ಬಾವಿಯಿಂದ ಶುರುಮಾಡಿ ಆಸ್ಪತ್ರೆಯನ್ನು ಬಳಸಿ ಬಡಿದೆವು. ಮೊದಲ ರಾತ್ರಿ ಒಳಗಿನ ಸದ್ದು ನಿಂತು ನಿಂತು ಬಂತು. ಎರಡನೇ ರಾತ್ರಿ ಮೆಲ್ಲಗಾಯಿತು. ಮೂರನೇ ರಾತ್ರಿ ಕಿಟಕಿಯ ಕೆಳಗೆ ಬಡಿದಾಗ... ಅದು ಜೋರಾಯಿತು. ಚುಯ್ಕ್ ಚುಯ್ಕ್ ಚುಯ್ಕ್ ಚುಯ್ಕ್. ಹಡಗು ತಪ್ಪೀತು ಅಂತ ಅವಸರದಲ್ಲಿ ಪಾತ್ರೆ ತಿಕ್ಕುವ ಹೆಂಗಸಿನ ಹಾಗೆ. ಕೌರೆ ಕೈ ತಡೆದ.

"ತಾತಾ, ಅವಳು ಏನೋ ಮುಗಿಸ್ತಿದ್ದಾಳೆ."

"ಬಡಿಯೋ!" ಅಂದ ತಾತ. ಅಳುತ್ತಲೇ ಬಡಿಯುತ್ತಿದ್ದ.

ಬಡಿದೆವು. ಸದ್ದು ನಿಂತಿತು. ಆಮೇಲೆ ನಮಗಿಂತ ಹತ್ತು ಮಾರು ಮುಂದೆ ಜಲ್ಲಿಯ ಮೇಲೆ ಹೆಜ್ಜೆ ಕೇಳಿಸಿತು. ಚರಕ್... ಚರಕ್... ಒಂದು ಕಾಲು ಎಳೆದು ಹಾಕುವ ಹೆಜ್ಜೆ, ಅಜ್ಜಿಯದೇ. ಕಣ್ಣಿಗೆ ಯಾರೂ ಕಾಣಲಿಲ್ಲ. ದಂಡೆಗೆ ಇಳಿಯಿತು. ನೀರಿನಲ್ಲಿ ಒಮ್ಮೆ ಗುಳುಂ ಎಂದಿತು. ಅಷ್ಟೇ.

ಆ ರಾತ್ರಿಯೇ ಕೌರೆ ತಾತನ ಕಣ್ಣೆದುರಿಗೆ ಪಿನ್ನುಗಳ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿದ. ಬಟ್ಟೆಯನ್ನೂ ಶೀಶೆಯ ಎಣ್ಣೆಯನ್ನೂ ಕೇದಗೆ ಬುಡಕ್ಕೆ ಹಾಕಿದ. ಮತ್ತೆ ಜೋಡಿಸಿ ನೋಡಿದ. ಲೈನು ಚೆನ್ನಾಗಿಯೇ ಇತ್ತು. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಮಲಗಿದ.

ಮರುದಿನ ಕತ್ತಲಾಗುತ್ತಲೇ ರಿತೇತಿಗೆ ನೋವು ಬಂತು.

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ, ಬೆರೆತಿಯಾ ಕೈ ತೊಳೆಯುತ್ತಾ ಕೂಗಿದಳು. "ಅಣ್ಣಾ, ಡಾಕ್ಟರನ್ನ ಕರಿ!" ಕೌರೆ ಕಂಪ್ಯೂಟರ್ ಹಾಕಿದ. ಫ್ಯಾನು ಝೂಂ ಎಂದಿತು. ಪರದೆ ಬೆಳಗಿತು. ಲೈನಿನ ದೀಪ ಹತ್ತಲಿಲ್ಲ.

ಕೇಬಲ್ ಕಿತ್ತು ಟಾರ್ಚು ಬಿಟ್ಟ. ಹಸಿರು. ಪಿನ್ನುಗಳೇ ಕಾಣದಷ್ಟು ದಪ್ಪ, ಬಾವಿ ಕಲ್ಲಿನ ಪಾಚಿಯಷ್ಟು ದಪ್ಪ. ಒಂದು ಕೇಬಲ್ಲಲ್ಲ, ಎಲ್ಲವೂ. ಒಂದೇ ದಿನದಲ್ಲಿ ಅಷ್ಟು ಕಿಲುಬು ಹತ್ತುವುದಿಲ್ಲ. ಇಷ್ಟು ದಿನ ಹತ್ತಬೇಕಾದದ್ದನ್ನು ಯಾರೋ ರಾತ್ರಿ ರಾತ್ರಿ ಕೂತು ಉಜ್ಜಿ ಉಜ್ಜಿ ತಡೆದಿದ್ದರು. ಆ ಕೈಯನ್ನು ತಾನೇ ಬಡಿದು ಓಡಿಸಿದ್ದು ಅಂತ ಕೌರೆಗೆ ಆಗ ಹೊಳೆಯಿತು.

ಉಜ್ಜತೊಡಗಿದ. ರಬ್ಬರಿನಿಂದ ಉಜ್ಜಿದ, ಬ್ರಷ್ಷಿನಿಂದ ತಿಕ್ಕಿದ, ಉಗುರಿನಿಂದ ಕೆರೆದ. ಗೋಡೆಯ ಆಚೆ ರಿತೇತಿ ಕೂಗುತ್ತಿದ್ದಳು. ಈಚೆ ಚುಯ್ಕ್... ಚುಯ್ಕ್... ಒಮ್ಮೆ ದೀಪ ಹತ್ತಿತು. ಡಾಕ್ಟರ ದನಿ ಬಂತು. "ಹಲೋ... ಕೇಳಿಸ್ತಿದ್ಯಾ... ಹೊಟ್ಟೆ ಮೇಲೆ ಕೈ ಇಟ್ಟು..." ಟಿಕ್. ಹೋಯಿತು. ಮತ್ತೆ ಕಿತ್ತ, ಮತ್ತೆ ಉಜ್ಜಿದ.

ಮಗು ಅತ್ತಿತು. ಹೆಣ್ಣು. ಬೆರೆತಿಯಾ ಬಾಗಿಲಿಗೆ ಬಂದಳು, ಮೊಣಕೈವರೆಗೂ ರಕ್ತ. "ಅಣ್ಣಾ, ರಕ್ತ ನಿಲ್ತಿಲ್ಲ. ಡಾಕ್ಟರು ಬೇಕು ನಂಗೆ. ಬೇಗ!"

"ಬಂತು, ಬಂತು, ಇನ್ನೊಂದು ಪಿನ್ನು."

ಆಮೇಲೆ ರಿತೇತಿಯ ದನಿ ಬಂತು, ಸಣ್ಣಗೆ.

"ಕೌರೆ... ಉಜ್ಜಿದ್ದು ಸಾಕು. ಬಾ ಇಲ್ಲಿ."

"ಒಂದು ನಿಮಿಷ ಕಣೇ. ಒಂದೇ ನಿಮಿಷ."

ಅವನು ಉಜ್ಜುತ್ತಲೇ ಇದ್ದ. ರಬ್ಬರು ಸವೆದು ಕೈಯಲ್ಲಿ ಏನೂ ಇಲ್ಲದಾದಾಗ ಎದ್ದು ಆ ಕೋಣೆಗೆ ಹೋದ. ಬೆರೆತಿಯಾ ಮೂಲೆಯಲ್ಲಿ ಮಗುವನ್ನು ಅವಚಿಕೊಂಡು ಕೂತಿದ್ದಳು. ರಿತೇತಿಯ ಕೈ ಹಿಡಿದುಕೊಂಡ. ತಣ್ಣಗಿತ್ತು. ಆ ಒಂದು ನಿಮಿಷವನ್ನು ನೆನೆದು ಅವನು ಇವತ್ತಿಗೂ ಅಳುತ್ತಾನೆ.

ಹೆಂಗಸರು ರಿತೇತಿಯ ಮೈಗೆ ಕೇದಗೆ ಎಣ್ಣೆ ಹಚ್ಚಿದರು. ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ರಾತ್ರಿ ಬನುವೇರ ತಾತ ಬಾಟ್ಲಿಯನ್ನು ಕೌರೆಯ ಕೈಗಿಟ್ಟು, "ಈ ಸಲ ಪೂರ್ತಿ ಸುರಿ ಮಗಾ," ಅಂದ. ಕೌರೆ ತಲೆಯಾಡಿಸಿ ಒಬ್ಬನೇ ಹೋದ. ಖಾಲಿ ಬಾಟ್ಲಿ ತಂದು ತೋರಿಸಿದ.

ತಾತ ಹೆಡೆಮಟ್ಟೆಗೆ ಕೈ ಹಾಕಿದ, ಯಾತಕ್ಕೂ ಇರಲಿ ಅಂತ. ಕೌರೆ ಅಡ್ಡ ನಿಂತ.

"ನನ್ನ ಹೆಂಡ್ತಿ ಮೇಲೆ ಯಾರಾದ್ರೂ ಮಟ್ಟೆ ಎತ್ತಿದ್ರೆ ನೋಡಿ."

ಸಂಕಟದಲ್ಲಿ ಆಡಿದ ಮಾತು ಅಂತ ತಾತ ಮಟ್ಟೆ ಕೆಳಗಿಟ್ಟ. ಮಣ್ಣು ಒದ್ದೆಯಾಗಿದೆಯೋ ಇಲ್ಲವೋ ಅಂತ ಕೇದಗೆ ಬುಡಕ್ಕೆ ಹೋಗಿ ಯಾರೂ ನೋಡಲಿಲ್ಲ.

ಅದಾಗಿ ಈಗ ಮೂರು ವರ್ಷ. ಆವತ್ತಿನಿಂದ ನಮ್ಮ ಆಸ್ಪತ್ರೆಯ ಲೈನು ಒಂದು ದಿನ ತಪ್ಪಿಲ್ಲ. ನನ್ನ ತಂಗಿಯ ಹೆರಿಗೆಯೂ ಕಷ್ಟದ್ದೇ ಆಗಿತ್ತು. ರಾತ್ರಿಯಿಡೀ ಡಾಕ್ಟರು ಮಾತಾಡುತ್ತಲೇ ಇದ್ದರು, ತಾಯಿ ಮಗು ಇಬ್ಬರೂ ಉಳಿದರು. ಹೋದ ವರ್ಷ ತರಾವಾದಿಂದ ಮೆಷಿನ್ನು ನೋಡುವವನು ಬಂದಿದ್ದ. ಎಲ್ಲ ಬಿಚ್ಚಿ ನೋಡಿ ಬೆಪ್ಪಾದ. ನಾನು ಅಲ್ಲೇ ಇದ್ದೆ.

"ಬೇರೆ ದ್ವೀಪದಲ್ಲಿ ಪಿನ್ನೇ ಉಳಿದಿಲ್ಲ ಮಾರಾಯಾ. ಇಲ್ಲಿ ಹೊಸದರ ಹಾಗಿದೆ. ಯಾರು ನೋಡ್ಕೊಳ್ಳೋದು ಇದನ್ನ?"

"ನಮ್ಮನೆಯವಳು," ಅಂದ ಕೌರೆ.

ಅವನಿಗೆ ಏನೂ ತಿಳಿಯದು, ನಕ್ಕು ತಲೆದೂಗಿದ.

ಕೌರೆ ಈಗ ಆ ಪಿನ್ನುಗಳನ್ನು ಮುಟ್ಟುವುದಿಲ್ಲ. ಸಂಜೆ ಬೀಗ ಹಾಕಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾವಿಕಟ್ಟೆಯ ಮೇಲೆ ಕೂರುತ್ತಾನೆ. ಆ ದಾರಿಯಲ್ಲಿ ಹೋದರೆ ಕೇದಗೆ ವಾಸನೆ ನಿಮಗೂ ಬರುತ್ತದೆ. ಮಗು ಆಸ್ಪತ್ರೆಯ ಕಡೆಗೆ ಕಿವಿಗೊಟ್ಟು ಹಾಗೇ ನಿದ್ದೆ ಹೋಗುತ್ತದೆ. ರಿತೇತಿಯನ್ನು ಬಿಟ್ಟುಬಿಡೋ, ಹೋಗಲಿ, ಪಾಪ... ಅಂತ ಒಮ್ಮೆ ಹೇಳಿನೋಡಿದೆ. ನನ್ನ ತಂಗಿಯ ಮಗು ಅಂಗಡಿಯ ಮುಂದೆ ಆಡುತ್ತಿತ್ತು, ಅವನು ಅದನ್ನೇ ನೋಡಿದ. ನಾನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಗಳಿಗೆ ಇನ್ನೂ ಮೂರೇ ವರ್ಷ, ಪೆನ್ಸಿಲ್ ಹಿಡಿಯಲು ಬಾರದು. ಆದರೂ ಕೌರೆ ಪ್ರತಿ ತಿಂಗಳು ನನ್ನ ಅಂಗಡಿಗೆ ಬಂದು ಒಂದು ರಬ್ಬರು ಕೊಂಡುಹೋಗುತ್ತಾನೆ.

ಹೋದ ತಿಂಗಳು ಬಂದವನು, "ಎರಡು ಕೊಡು," ಅಂದ.

"ಯಾಕೋ?"

"ಒಂದು ಸಾಲ್ತಿಲ್ಲ. ಈಗ ಇಬ್ರು ಉಜ್ಜೋ ಸದ್ದು ಕೇಳ್ಸುತ್ತೆ. ಒಬ್ರದ್ದು ಕಾಲು ಎಳೆಯೋ ಹೆಜ್ಜೆ."

ಆವತ್ತು ಮಟ್ಟೆ ಹಿಡಿದಿದ್ದ ಇದೇ ಕೈಯಿಂದ ಎರಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟೆ.